ಒತ್ತದ ಕೀಲಿ ಒತ್ತಿದಂತೆ ಕಂಡಾಗ

ಮಳೆ ಹಿಡಿದ ಮೇಲೆ ಕಾರವಾರದಲ್ಲಿ ನನ್ನ ರಿಪೇರಿ ಬೆಂಚಿಗೆ ಬರುವ, ಕೀಪ್ಯಾಡ್ ಇರುವ ಗೇಟ್ ಲಾಕು, ಐಸ್ ಪ್ಲಾಂಟಿನ ಟೈಮರುಗಳ ದೂರು ಹೆಚ್ಚಾಗಿ ಒಂದೇ: "ಯಾರೂ ಮುಟ್ಟದೆ ನಂಬರ್ ಬೀಳ್ತದೆ." ಪ್ರೋಗ್ರಾಂ ಬರೆದವರು ಕೋಡನ್ನೇ ಅನುಮಾನಿಸಿ ಡಿಬೌನ್ಸ್ ಸಮಯ (ಒತ್ತಿದ ಕೀಲಿಯ ಅದುರು ನಿಲ್ಲಲಿ ಅಂತ ಕಾಯುವ ಹೊತ್ತು) ಹೆಚ್ಚಿಸಿರುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಕೀಲಿಯ ಅದುರು ಕೆಲವೇ ಮಿಲಿಸೆಕೆಂಡಿನದು. 5 ಮಿಲಿಸೆಕೆಂಡಿಗೊಮ್ಮೆ ಓದಿ, ನಾಲ್ಕು ಸಲ ಒಂದೇ ಉತ್ತರ ಬಂದರೆ ಒಪ್ಪಿಕೊಂಡರೆ ಸಾಕು. ತೇವದ ಸೋರಿಕೆ ಹಾಗಲ್ಲ, ಗಂಟೆಗಟ್ಟಲೆ ಇರುತ್ತದೆ.

16 ಕೀಲಿಯ ಪ್ಯಾಡಿಗೆ ನಾಲ್ಕು ರೋ (ಅಡ್ಡ ಸಾಲು), ನಾಲ್ಕು ಕಾಲಂ (ಉದ್ದ ಸಾಲು), ಒಟ್ಟು 8 ಪಿನ್. ಕೀಲಿ ಒತ್ತಿದಾಗ ಅದರ ರೋ ಮತ್ತು ಕಾಲಂ ಕೂಡಿಕೊಳ್ಳುತ್ತವೆ. ಒಂದೊಂದೇ ರೋವನ್ನು ಸೊನ್ನೆ ವೋಲ್ಟಿಗೆ (ಲೋ) ಇಳಿಸಿ ಕಾಲಂಗಳನ್ನು ಓದುತ್ತೇವೆ. ಉಳಿದ ರೋಗಳನ್ನು ಇನ್‌ಪುಟ್ ಆಗಿಯೇ ಬಿಡಿ. ಅವನ್ನು ಹೈ (5 ವೋಲ್ಟ್) ಔಟ್‌ಪುಟ್ ಮಾಡಿಟ್ಟರೆ, ಒಂದೇ ಕಾಲಂನ ಎರಡು ಕೀಲಿ ಒಟ್ಟಿಗೆ ಒತ್ತಿದಾಗ ಎರಡು ಪಿನ್ ನೇರ ಶಾರ್ಟ್ ಆಗುತ್ತವೆ.

ಕೀಲಿ ಒತ್ತದಿರುವಾಗ ಕಾಲಂ ಅನ್ನು ಮೇಲಕ್ಕೆ, ಅಂದರೆ 5 ವೋಲ್ಟಿಗೆ, ಹಿಡಿದಿಡುವುದು ಪುಲ್-ಅಪ್ ರೆಸಿಸ್ಟರ್. ಕೀಲಿಗಳನ್ನು ಓದುವ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ಪಿನ ಒಳಗಿರುವುದು 20ರಿಂದ 50 ಕಿಲೋಓಮ್, ಅಂದರೆ ಸಡಿಲ ಹಿಡಿತ. 35 ಅಂದುಕೊಳ್ಳಿ. ಉಪ್ಪುಗಾಳಿಯ ತೇವ ರೋ ಮತ್ತು ಕಾಲಂ ನಡುವೆ 30 ಕಿಲೋಓಮ್ ದಾರಿ ಮಾಡಿತು ಅನ್ನಿ. 5 ವೋಲ್ಟ್ ಇರಬೇಕಾದಲ್ಲಿ ಸುಮಾರು 2.3 ವೋಲ್ಟ್ ಉಳಿಯುತ್ತದೆ. ಈ ಚಿಪ್ಪು 3ರ ಮೇಲಿದ್ದರೆ ಹೈ, 1.5ರ ಕೆಳಗಿದ್ದರೆ ಲೋ ಎಂದು ಖಚಿತವಾಗಿ ಓದುತ್ತದೆ. ನಡುವೆ ಸಿಕ್ಕಿಕೊಂಡದ್ದನ್ನು ಹೇಗೂ ಓದಬಹುದು. ಅಲ್ಲೇ ಇಲ್ಲದ ನಂಬರ್ ಹುಟ್ಟುವುದು.

ಹೊರಗಿನಿಂದ 4.7 ಕಿಲೋಓಮ್ ಹಾಕಿ ನೋಡಿ. ಅದೇ ತೇವ ಇದ್ದರೂ 4.3 ವೋಲ್ಟಿನ ಮೇಲೆಯೇ ನಿಲ್ಲುತ್ತದೆ. ಇನ್ನೂ ಬಿಗಿ ಇರಲಿ ಅಂತ ಸುಮ್ನೆ 470 ಓಮ್ ಹಾಕಬೇಡಿ. ರಬ್ಬರ್ ಕೀಲಿಯ ಕಾರ್ಬನ್ ಗುಂಡಿಗೇ ನೂರಾರು ಓಮ್ ಇರಬಹುದು, ಆಗ ಒತ್ತಿದ್ದೂ ಗೊತ್ತಾಗುವುದಿಲ್ಲ.

ಹೇರ್ ಡ್ರೈಯರ್ ಹಿಡಿದರೆ ಆ ಹೊತ್ತಿಗೆ ಸರಿಯಾಗುತ್ತದೆ, ಆದರೆ ಉಪ್ಪು ಅಲ್ಲೇ ಉಳಿದು ಮತ್ತೆ ನೀರು ಎಳೆಯುತ್ತದೆ. ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿ ಉಪ್ಪು ತೆಗೆದು, ಮತ್ತೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ. ಆಮೇಲೆ ಬೋರ್ಡಿಗೆ ತೇವ ತಡೆಯುವ ಕೋಟಿಂಗ್ ಹೊಡೆಯಿರಿ, ಕೀಲಿ ತಾಗುವ ಜಾಗಗಳಿಗೆ ಟೇಪ್ ಅಂಟಿಸಿಕೊಂಡು.

ಈಗ ಎಟಿಮೆಗಾ ಬದಲು ಇಎಸ್‌ಪಿ32 ಚಿಪ್ಪು ಬಳಸುವವರೇ ಜಾಸ್ತಿ, ಅಲ್ವಾ? ಅದರ 34ರಿಂದ 39ರ ಪಿನ್‌ಗಳಲ್ಲಿ ಒಳಗಿನ ಪುಲ್-ಅಪ್ ಇಲ್ಲವೇ ಇಲ್ಲ. ಅಲ್ಲಿ ಕಾಲಂ ಜೋಡಿಸಿದರೆ ಹೊರಗಿನ ರೆಸಿಸ್ಟರ್ ಬೇಕೇ ಬೇಕು, ಅದೂ 5 ವೋಲ್ಟಿಗಲ್ಲ, 3.3 ವೋಲ್ಟಿಗೆ.