ದುರ್ಗದಲ್ಲಿ ಮಳೆ ಕಡಿಮೆ, ಗೇಟ್ ಲೈಟಿಗೆ ಅಷ್ಟೊಂದು ಜೋಪಾನ ಬೇಕಾ?

ಪ್ರಶ್ನೆ: ಸರ್, ಚಿತ್ರದುರ್ಗದ ಹೊರವಲಯದಲ್ಲಿ ಮನೆ ಕಟ್ಟಿಸಿದ್ದೇವೆ. ಗೇಟಿನ ಎರಡು ಕಂಬಕ್ಕೂ ಕಾಂಪೌಂಡ್ ಪಕ್ಕದ ದಾರಿಗೂ ಲೈಟ್ ಹಾಕಿಸಬೇಕು. ವರಾಂಡದ ಪ್ಲಗ್‌ನಿಂದ ಒಂದು ವೈರ್ ಎಳೆದು ಗೇಟಿನ ಮೇಲೆ ಹಾಯಿಸಿದರೆ ಆಯ್ತು, ನಮ್ಮ ಕಡೆ ಮಳೆ ಎಲ್ಲಿದೆ ಅಂತಾರೆ ವೈರಿಂಗ್‌ನವರು. ಹಾಗೆ ಮಾಡಿಸಬಹುದಾ? ದಾರಿಯ ತುದಿ ಮನೆಯಿಂದ ದೂರ ಇದೆ, ಅಗೆದರೆ ಬರೀ ಬಂಡೆ.

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ. ಮಳೆ ಕಡಿಮೆ ಇರುವ, ಕಲ್ಲು ನೆಲದ ಊರಲ್ಲೇ ಹೊರಗಿನ ಲೈಟಿಗೆ ಹೆಚ್ಚು ಎಚ್ಚರ ಬೇಕು. ನಿಮ್ಮೂರಿನ ಬಿಸಿಲು ವೈರನ್ನು ಕೆಡಿಸುತ್ತದೆ, ನಿಮ್ಮೂರಿನ ನೆಲ ಅರ್ಥಿಂಗನ್ನು ಕೆಡಿಸುತ್ತದೆ.

ಮೊದಲು ಬಿಸಿಲಿನ ವಿಷಯ. ಮನೆಯೊಳಗೆ ಪೈಪಿನಲ್ಲಿ ಹಾಯಿಸುವ ಮಾಮೂಲಿ ಪಿವಿಸಿ ವೈರು ಬಯಲಿನ ಬಿಸಿಲಿಗಾಗಿ ಮಾಡಿದ್ದಲ್ಲ. ಬೇಸಿಗೆಗಳು ಕಳೆದಂತೆ ಅದರ ಹೊದಿಕೆ ಪೆಡಸಾಗುತ್ತದೆ, ಬಗ್ಗಿಸಿದ ಕಡೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದೇ ವೈರನ್ನು ಕಬ್ಬಿಣದ ಗೇಟಿಗೆ ಕಟ್ಟಿದ್ದರೆ ಗೇಟು ತೆಗೆದು ಹಾಕಿದಾಗಲೆಲ್ಲ ಅಲ್ಲೇ ಉಜ್ಜುತ್ತದೆ. ಒಣಗಿರುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಿದ್ದರೆ, ಅಥವಾ ಗಿಡಕ್ಕೆ ಹಿಡಿದ ಪೈಪಿನ ನೀರು ಸಿಡಿದರೆ ಸಾಕು, ಇಡೀ ಗೇಟಿಗೆ ಕರೆಂಟ್ ಬರಬಹುದು. ಬೆಳಗ್ಗೆ ಹಾಲಿನವರು, ಪೇಪರ್ ಹುಡುಗ, ಶಾಲೆಗೆ ಹೊರಟ ಮಕ್ಕಳು ಮೊದಲು ಕೈ ಇಡುವುದು ಆ ಗೇಟಿನ ಮೇಲೆ.

ಇನ್ನು ನೆಲ. ಹೆಚ್ಚಿನವರು ಇದರ ಬಗ್ಗೆ ಯೋಚಿಸುವುದೇ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೈಟಿನ ಲೋಹದ ಮೈಗೆ ಫೇಸ್, ಅಂದರೆ ಕರೆಂಟು ತರುವ ವೈರು, ತಗುಲಿದರೆ ಆ ಕರೆಂಟು ಅರ್ಥಿನ ಹಸಿರು ವೈರಿನ ಮೂಲಕ ಅರ್ಥಿಂಗ್ ಗುಂಡಿಗೆ ಇಳಿಯಬೇಕು. ಜೋರಾಗಿ ಇಳಿದರೆ, ಕರೆಂಟು ಮಿತಿ ಮೀರಿದಾಗ ಲೈನ್ ಕಡಿಯುವ ಎಂಸಿಬಿ ಬೀಳುತ್ತದೆ. ಆದರೆ ಗುಂಡಿಯಲ್ಲಿ ಒಣ ಗರಸು, ಕೆಳಗೆ ಬಂಡೆ ಇದ್ದರೆ ಕರೆಂಟಿಗೆ ದಾರಿ ಸಲೀಸಲ್ಲ. ಭದ್ರಾ ನಾಲೆಯ ನೀರು ಕಾಣುವ ದಾವಣಗೆರೆ ಕಡೆಯ ಎರೆ ನೆಲ ತೇವ ಹಿಡಿದುಕೊಳ್ಳುತ್ತದೆ, ದುರ್ಗದ ಕಲ್ಲು ನೆಲ ಹಿಡಿದುಕೊಳ್ಳುವುದಿಲ್ಲ. ನಿಮ್ಮ ಗುಂಡಿಯ ಅಡ್ಡಿ 20 ಓಮ್ ಇದೆ ಅಂತಿಟ್ಟುಕೊಳ್ಳಿ. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪಿಯರ್. ವರಾಂಡದ ಪ್ಲಗ್ಗಿಗೆ 16 ಆಂಪಿಯರ್ ಎಂಸಿಬಿ ಇದ್ದರೆ ಅದರ ಲೆಕ್ಕದಲ್ಲಿ ಇದು ಮಾಮೂಲಿ ಲೋಡು, ಬೀಳುವುದೇ ಇಲ್ಲ. ಗೇಟಿನಲ್ಲಿ ಕರೆಂಟು ಹಾಗೇ ಇರುತ್ತದೆ, ಲೈಟೂ ಉರಿಯುತ್ತಿರುತ್ತದೆ.

ಆದ್ದರಿಂದ ಲೈಟು ಕೊಳ್ಳುವ ಮೊದಲು ಬೋರ್ಡಿನ ಬಾಗಿಲು ತೆರೆದು, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇದೆಯಾ ನೋಡಿ. ಅಂಗಡಿಗಳಲ್ಲಿ ಇದನ್ನು ಈಗಲೂ ಇಎಲ್‌ಸಿಬಿ ಅಂತಲೇ ಕೇಳುವವರು ಇದ್ದಾರೆ. ಅದರ ಮೈಮೇಲೆ 30 ಮಿಲಿ ಆಂಪಿಯರ್ ಅಂತ ಇರಬೇಕು. 100, 300ರವೂ ಸಿಗುತ್ತವೆ, ಅವು ಮನುಷ್ಯರನ್ನು ಶಾಕ್‌ನಿಂದ ಕಾಯಲು ಸಾಲವು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಆರ್‌ಸಿಸಿಬಿ ಸದಾ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಬೇರೆಲ್ಲೋ ಸೋರಿದರೂ ಸೆಕೆಂಡಿನ ಸಣ್ಣ ಪಾಲಿನಲ್ಲಿ ಲೈನ್ ಕಡಿಯುತ್ತದೆ. ಹತ್ತು ವ್ಯಾಟಿನ ಬಲ್ಬು ಉರಿಯಲು ಬೇಕಾಗುವುದೇ 43 ಮಿಲಿ ಆಂಪಿಯರ್‌ಗಿಂತ ಹೆಚ್ಚು. ಅಷ್ಟು ಕರೆಂಟು ಎದೆಯ ಮೂಲಕ ಹಾದರೆ ಜೀವ ಹೋಗಬಹುದು, ಎಂಸಿಬಿಗೆ ಅದು ಗಮನಕ್ಕೂ ಬರುವುದಿಲ್ಲ. ಅರ್ಥಿಂಗ್ ಸುಮಾರಾಗಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ. ಒಂದು ಮಾತು ನೆನಪಿರಲಿ: ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಉಳಿಸದು.

ಇದ್ದ ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರ ಲೈನ್ ಕೊಟ್ಟಿರುವ ಮನೆಗಳೂ ಇವೆ. ಇನ್ವರ್ಟರ್ ಹಾಕುವಾಗ ಅದರ ನ್ಯೂಟ್ರಲ್ಲನ್ನು ಮನೆಯ ನ್ಯೂಟ್ರಲ್ ಜೊತೆ ಕಲೆಸಿಬಿಡುತ್ತಾರೆ, ಆಗ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಕಾಟ ತಾಳದೆ ಬೈಪಾಸ್ ಮಾಡುತ್ತಾರೆ. ಪದೇ ಪದೇ ಬೀಳುತ್ತಿದ್ದರೆ ಕಾರಣ ಹುಡುಕಿಸಿ, ತೆಗೆಸಬೇಡಿ. ಗೇಟ್ ಲೈಟಿಗೆ ಬೋರ್ಡಿನಿಂದಲೇ ಬೇರೆ ಲೈನ್, ಅದಕ್ಕೆ 6 ಆಂಪಿಯರ್‌ನ ತನ್ನದೇ ಎಂಸಿಬಿ ಇರಲಿ, ಆ ಲೈನು ಆರ್‌ಸಿಸಿಬಿಯ ಮೂಲಕವೇ ಬರಲಿ. ಲೈಟಿಗೆ 1.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು. ಫೇಸ್, ನ್ಯೂಟ್ರಲ್ ಜೊತೆ ಹಸಿರು ವೈರು ಕಂಬದ ತನಕ ಬರಲೇಬೇಕು. ಹಣ ಉಳಿಸಲು ಬರೀ ಎರಡು ವೈರು ಎಳೆಯುತ್ತೇವೆ ಅಂದರೆ ಒಪ್ಪಬೇಡಿ. ಅರ್ಥ್ ಬದಲು ನ್ಯೂಟ್ರಲ್ಲನ್ನೇ ಲೈಟಿನ ಮೈಗೆ ಜೋಡಿಸುವುದಂತೂ ಪ್ರಾಣಾಪಾಯ.

ಅರ್ಥಿಂಗ್ ಗುಂಡಿಯನ್ನು ಮೀಟರ್ ಇಟ್ಟು ಅಳೆಸಿ. 5 ಓಮ್ ಒಳಗೆ ಬಂದರೆ ಒಳ್ಳೆಯದು. ಕಲ್ಲು ನೆಲದಲ್ಲಿ ಒಂದು ಗುಂಡಿಗೆ ಅಷ್ಟು ಬಾರದೆ ಹೋದರೆ ಸ್ವಲ್ಪ ದೂರದಲ್ಲಿ ಇನ್ನೊಂದು ಮಾಡಿಸಿ ಎರಡನ್ನೂ ಜೋಡಿಸುವುದು ರೂಢಿ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ. ಅದರ ಮೇಲೆ ಸಿಮೆಂಟ್ ಬಳಿದು ಮುಚ್ಚಿಬಿಟ್ಟಿದ್ದರೆ ಒಡೆಸಿ, ಮುಚ್ಚಳ ಮಾಡಿಸಿ.

ಲೈಟಿನ ಡಬ್ಬದ ಮೇಲೆ ಐಪಿ ಅಂತ ಎರಡಂಕಿಯ ಸಂಖ್ಯೆ ಇರುತ್ತದೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಸಜ್ಜಾದ ಕೆಳಗೆ ಗೋಡೆಗೆ ಹಾಕುವುದಾದರೆ ಐಪಿ 44 ನಡೆಯುತ್ತದೆ. ಬಯಲಿನ ಕಂಬಕ್ಕೆ ಐಪಿ 65 ತೆಗೆದುಕೊಳ್ಳಿ, ನಿಮ್ಮ ಕಡೆಯ ಗಾಳಿ ಧೂಳಿಗೂ ಅದೇ ಸರಿ. ನೆಲದಲ್ಲಿ ಹೂಳುವ ಲೈಟಿಗೆ ಐಪಿ 67. ಆದರೆ ಎಷ್ಟು ಒಳ್ಳೆಯ ಲೈಟು ತಂದರೂ ಹಿಂದೆ ವೈರಿನ ಜಾಯಿಂಟಿಗೆ ಬರೀ ಟೇಪ್ ಸುತ್ತಿದರೆ ದುಡ್ಡು ದಂಡ. ಬಿಸಿಲಿಗೆ ಟೇಪಿನ ಅಂಟು ಬಿಟ್ಟುಹೋಗುತ್ತದೆ. ಜಾಯಿಂಟು ನೀರು ಹೋಗದ ಜಂಕ್ಷನ್ ಬಾಕ್ಸಿನೊಳಗೆ, ಕನೆಕ್ಟರ್‌ನಲ್ಲಿ ಇರಲಿ. ಕೇಬಲ್ಲು ಬಾಕ್ಸಿನ ತಳದಿಂದ ಗ್ಲಾಂಡ್ (ತೂತಿನಲ್ಲಿ ಕೇಬಲ್ಲನ್ನು ಬಿಗಿಯಾಗಿ ಹಿಡಿಯುವ ಬಿರಡೆ) ಮೂಲಕ ಒಳಹೋಗಲಿ, ಒಳಹೋಗುವ ಮುಂಚೆ ತುಸು ಇಳಿಬಿದ್ದು ಮೇಲೇರಲಿ. ಕೇಬಲ್ ಹಿಡಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಗ್ಲಾಂಡ್ ಇಲ್ಲದ ತೂತು ಬಿಟ್ಟರೆ ಇರುವೆ, ಹಲ್ಲಿ ಸೇರಿಕೊಳ್ಳುತ್ತವೆ.

ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವವರಿಗೇ ಕೊಡಿ. ನೀವೇ ಬಲ್ಬ್ ಬದಲಿಸುವುದಾದರೂ ಸ್ವಿಚ್ ಆರಿಸಿದ್ದೇನೆ ಅಂತ ನಂಬಬೇಡಿ: ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿದ್ದರೆ ಲೈಟು ಆರಿದ್ದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಆ ಲೈಟು ಇನ್ವರ್ಟರ್ ಲೈನಿನಲ್ಲಿದ್ದರೆ ಮೇನ್ ಇಳಿಸಿದರೂ ಕರೆಂಟು ಬರುತ್ತಲೇ ಇರುತ್ತದೆ, ಇನ್ವರ್ಟರನ್ನೂ ಆರಿಸಬೇಕು. ಕೆಲಸ ಮುಗಿದ ದಿನ ವೈರ್‌ಮನ್ ಹೊರಡುವ ಮುಂಚೆ ಲೈಟು ಉರಿಯುತ್ತಿರುವಾಗಲೇ ಆರ್‌ಸಿಸಿಬಿಯ ಟಿ ಅಂತ ಬರೆದ ಟೆಸ್ಟ್ ಬಟನ್ ಒತ್ತಿಸಿ, ತಕ್ಷಣ ಬೀಳಬೇಕು. ಆಮೇಲೂ ಕೆಲವು ತಿಂಗಳಿಗೊಮ್ಮೆ ಒತ್ತಿ ನೋಡಿ. ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅರ್ಥಿಂಗ್ ಸರಿಯಿದೆಯೇ ಅಂತ ಅದರಿಂದ ತಿಳಿಯದು. ಗೇಟು ಮುಟ್ಟಿದಾಗ ಚುರ್ ಅಂದರೂ ಲೈನ್ ಆರಿಸಿ ವೈರ್‌ಮನ್ನನ್ನು ಕರೆಸಿ. ಬೀದಿ ಕಂಬದಿಂದ ಬರುವ ಸರ್ವಿಸ್ ವೈರಿನದೇ ತೊಂದರೆ ಅಂತ ಕಂಡರೆ ಅದು ಬೆಸ್ಕಾಂ ಕೆಲಸ, 1912ಕ್ಕೆ ಫೋನ್ ಮಾಡಿ.

ದಾರಿಯ ತುದಿಯ ಬಂಡೆ ವಿಷಯ. 230 ವೋಲ್ಟಿನ ಕೇಬಲ್ಲನ್ನು ಹೂಳುವುದಾದರೆ ಲೋಹದ ಕವಚವಿರುವ ಆರ್ಮರ್ಡ್ ಕೇಬಲ್ ಬೇಕು, ಸುಮಾರು ಎರಡೂವರೆ ಅಡಿ ಆಳ, ಕೆಳಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ. ಬಂಡೆ ಸಿಕ್ಕಿತು ಅಂತ ಅರ್ಧ ಅಡಿಯಲ್ಲೇ ಮುಚ್ಚಿದರೆ ಮುಂದೆ ಯಾರೋ ಗಿಡ ನೆಡಲು ಹಾಕುವ ಗುದ್ದಲಿ ನೇರ ಅದಕ್ಕೇ ಬೀಳುತ್ತದೆ. ಅಗೆಯಲಾಗದಿದ್ದರೆ ಕಾಂಪೌಂಡ್ ಗೋಡೆಯ ಒಳಮುಖದಲ್ಲಿ ಗಟ್ಟಿ ಪೈಪಿನೊಳಗೆ ಹಾಯಿಸಿ, ಕ್ಲಾಂಪ್ ಹೊಡೆಸಿ. ಗೋಡೆಯೂ ಇಲ್ಲದ ಕಡೆಗೆ ನಾನಾದರೆ ಸೋಲಾರ್ ಲೈಟೇ ಹಾಕಿಸುತ್ತೇನೆ, ಬಿಸಿಲಿಗೆ ನಿಮ್ಮಲ್ಲಿ ಬರವಿಲ್ಲ. ಬೆಳಕು ಸಾಲದು ಅನಿಸಿದರೆ 12 ವೋಲ್ಟಿನ ಗಾರ್ಡನ್ ಲೈಟುಗಳಿವೆ. ಅವುಗಳ ವೈರು ಮೇಲ್ಮೇಲೆ ಹೋದರೂ ಶಾಕ್ ಹೊಡೆಯುವ ಭಯವಿಲ್ಲ. ದೂರ ಹೆಚ್ಚಾದರೆ ತುದಿಯ ಲೈಟು ಮಂಕಾಗುತ್ತದೆ, ಆಗ ದಪ್ಪ ವೈರು ಬೇಕು. ಅದಕ್ಕೆ ಕರೆಂಟು ಕೊಡುವ ಡ್ರೈವರ್ ಮಾತ್ರ 230 ವೋಲ್ಟಿನದೇ, ಅದು ಮನೆಯೊಳಗೇ ಇರಲಿ ಮತ್ತು ಅದರ ಲೈನೂ ಅದೇ ಆರ್‌ಸಿಸಿಬಿಯಿಂದ ಬರಲಿ.