ದುಡ್ಡು ಹೋಯಿತು, ಸಾಕ್ಷಿ ಯಾರು ಕೊಡಬೇಕು?

ಭತ್ತ ಮಾರಿದ ದುಡ್ಡು ಜಮಾ ಆದ ವಾರವೇ ನಮ್ಮ ದೊಡ್ಡಪ್ಪನ ಖಾತೆಯಿಂದ 9,000 ರೂಪಾಯಿ ಹೋಯಿತು. ಮೆಸೇಜ್ ಬಂದಾಗ ಅವರು ಗಂಗಾವತಿ ಹತ್ತಿರದ ಗದ್ದೆಯಲ್ಲಿದ್ದರು. ಯಾರಿಗೂ ಓಟಿಪಿ ಹೇಳಿರಲಿಲ್ಲ. ಬ್ಯಾಂಕಿಗೆ ಓಡಿದರು. 'ನೀವು ತೆಗೆದಿಲ್ಲ ಅನ್ನೋಕೆ ಏನು ಸಾಕ್ಷಿ?' ಅಂತ ಅಲ್ಲಿನವರು ಕೇಳಿದರು. ದೊಡ್ಡಪ್ಪ ಸುಮ್ನೆ ವಾಪಸ್ ಬಂದರು.

ಆ ಪ್ರಶ್ನೆಯನ್ನು ಅವರಿಗೆ ಕೇಳಲೇಬಾರದಿತ್ತು. ಆದರೆ ಹಾಗೊಂದು ನಿಯಮ ಬರಲು ಬಹಳ ವರ್ಷ ಹಿಡಿಯಿತು.

1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಶುರುವಾದಾಗ ಲೆಕ್ಕ ಇದ್ದದ್ದು ಪಾಸ್‌ಬುಕ್ಕಿನಲ್ಲಿ. ಚೀಟಿಯ ಮೇಲೆ ಸಹಿ ಅಥವಾ ಹೆಬ್ಬೆಟ್ಟು ಇಲ್ಲದೆ ದುಡ್ಡು ಹೊರಗೆ ಹೋಗುತ್ತಿರಲಿಲ್ಲ. ತಕರಾರು ಬಂದರೆ ಆ ಚೀಟಿ ತೆಗೆದು ನೋಡಿದರೆ ಆಯಿತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬ್ಯಾಂಕ್ ಕೆಲಸವನ್ನೂ 'ಸೇವೆ' ಎಂದಿತು. 1995ರಲ್ಲಿ ರಿಸರ್ವ್ ಬ್ಯಾಂಕ್, ಬ್ಯಾಂಕುಗಳ ಮೇಲಿನ ದೂರು ಕೇಳುವ ಒಂಬುಡ್ಸ್‌ಮನ್ ಯೋಜನೆ ತಂದಿತು. ಎರಡೂ ಕಾಗದದ ಕಾಲದವು.

ಆಮೇಲೆ ಎಟಿಎಂ ಬಂತು, 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಅದೇ ನವೆಂಬರ್‌ನಲ್ಲಿ ನೋಟು ರದ್ದು. ಮೊಬೈಲ್ ಪಾವತಿ ಕಲಿಯಲು ನಮ್ಮ ಜನಕ್ಕೆ ಪುರುಸೊತ್ತೇ ಸಿಗಲಿಲ್ಲ. ಈಗ ಲೆಕ್ಕ ಕೂತಿದ್ದು ಬ್ಯಾಂಕಿನ ಕಂಪ್ಯೂಟರಿನಲ್ಲಿ. ಅದನ್ನು ತೆಗೆದು ನೋಡುವ ದಾರಿ ರೈತನಿಗೆ ಎಲ್ಲಿದೆ? ಸಾಕ್ಷಿ ತಾ ಅಂದರೆ ಅವನು ಎಲ್ಲಿಂದ ತರಬೇಕು?

ಇದಕ್ಕೆ ಉತ್ತರ ಸಿಕ್ಕಿದ್ದು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ. ತಪ್ಪು ಗ್ರಾಹಕನದು ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದೇ ಎಂದು ಅದು ಸ್ಪಷ್ಟವಾಗಿ ಹೇಳಿತು. ಬ್ಯಾಂಕಿನ ತಪ್ಪಿದ್ದರೆ ಗ್ರಾಹಕನ ಮೇಲೆ ಒಂದು ಪೈಸೆಯೂ ಬೀಳಬಾರದು. ಇಬ್ಬರ ತಪ್ಪೂ ಇಲ್ಲದೆ ಬೇರೆ ಯಾರೋ ಲಪಟಾಯಿಸಿದ್ದರೆ, ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಸಾಕು, ಆಗಲೂ ನಷ್ಟ ಇಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10,000 ರೂಪಾಯಿ ಹೊರೆ, ಜನಧನದಂಥ ಖಾತೆಗೆ 5,000. ತಿಳಿಸಿದ 10 ಕೆಲಸದ ದಿನದಲ್ಲಿ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ಹಾಕಬೇಕು, 90 ದಿನದಲ್ಲಿ ತಕರಾರು ಮುಗಿಸಬೇಕು. ಪಿನ್ ನಾವೇ ಹೇಳಿಬಿಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾಗಿ ನಾಚಿಕೆಪಟ್ಟು ಮನೆಯಲ್ಲಿ ಕೂತರೆ ನಷ್ಟವೇ ಜಾಸ್ತಿ.

2019ರಲ್ಲಿ ಇನ್ನೊಂದು ನಿಯಮ ಬಂತು. ಎಟಿಎಂ ನೋಟು ಕೊಡದೆ ಖಾತೆಯಲ್ಲಿ ಕಡಿತವಾಗಿ, 5 ದಿನದೊಳಗೆ ವಾಪಸ್ ಬರದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅದನ್ನು ಕೇಳಿ ಪಡೆದವರನ್ನು ನಮ್ಮೂರ ಕಡೆ ನಾನು ಕಂಡಿಲ್ಲ. 2021ರ ನವೆಂಬರ್‌ನಲ್ಲಿ ಒಂಬುಡ್ಸ್‌ಮನ್ ಯೋಜನೆಗಳೆಲ್ಲ ಒಂದಾದವು. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಲ್ಲಿಗೆ ದೂರು ಕೊಡಬಹುದು, ಖರ್ಚಿಲ್ಲ. ರಿಸರ್ವ್ ಬ್ಯಾಂಕಿನ 14448ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಮೋಸದ ದುಡ್ಡು ಕೈಬದಲಾಗುವ ಮೊದಲೇ ತಡೆಯಲು ಸೈಬರ್ ಮೋಸದ ಸಹಾಯವಾಣಿ 1930 ಇದೆ.

ಈ ನಿಯಮಗಳನ್ನು ಪ್ರತಿ ಶಾಖೆಯ ಗೋಡೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಬೇಕು ಅಲ್ವಾ? ದೊಡ್ಡಪ್ಪನಿಗೆ ನಾನು ಓದಿ ಹೇಳಬೇಕಾಯಿತು. ಮರುದಿನ ಅರ್ಜಿಯ ಎರಡು ಪ್ರತಿ ಒಯ್ದರು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡರು. ಮೆಸೇಜ್ ಬಂದು ಆಗಿನ್ನೂ ಎರಡನೇ ದಿನ.