ಮಲಗಿದ ವೈರಸ್ಸಿಗೆ ಮಾತ್ರೆ ನಾಟದು

ಜ್ವರ ಬಂದು ಹೋದಾಗ ತುಟಿಯಂಚಿನಲ್ಲಿ ಏಳುವ ನೀರ್ಗುಳ್ಳೆಗಳಿಗೆ ಹೆಚ್ಚಾಗಿ ಹರ್ಪಿಸ್ ಸಿಂಪ್ಲೆಕ್ಸ್-1 ವೈರಸ್ ಕಾರಣ. ಗುಳ್ಳೆ ಒಣಗುತ್ತದೆ, ವೈರಸ್ ಹೋಗುವುದಿಲ್ಲ. ಕಿವಿಯ ಮುಂಭಾಗದ ಆಳದಲ್ಲಿ, ತಲೆಬುರುಡೆಯ ತಳದಲ್ಲಿರುವ ನರಗಂಟಿನೊಳಗೆ ಅದು ಜೀವಮಾನವಿಡೀ ಮಲಗಿರುತ್ತದೆ.

ಅಲ್‌ಝೈಮರ್ ಎಂಬ ಮರೆವಿನ ಕಾಯಿಲೆಗೂ ಇದೇ ವೈರಸ್ ಕಾರಣವಿರಬಹುದೇ ಎಂಬುದೊಂದು ಶಂಕೆ. 1991ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕಿ ರೂತ್ ಇಟ್ಝಾಕಿ ಅವರ ತಂಡಕ್ಕೆ ವೃದ್ಧರ ಮಿದುಳಿನಲ್ಲೇ ಈ ವೈರಸ್ಸಿನ ಡಿಎನ್‌ಎ ಸಿಕ್ಕಿತು. ತೊಡಕೆಂದರೆ, ಅಲ್‌ಝೈಮರ್ ಇಲ್ಲದವರಲ್ಲೂ ಅದು ಇತ್ತು. ವೈರಸ್ಸಿನ ಜೊತೆಗೆ ಎಪಿಒಇ-4 ಎಂಬ ಜೀನ್ ಕೂಡ ಇದ್ದವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು ಎಂದು ಅದೇ ತಂಡ 1997ರಲ್ಲಿ ಹೇಳಿತು. 2009ರಲ್ಲಿ, ರೋಗಿಗಳ ಮಿದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಕೂಡಿ ಆಗುವ ಗಡ್ಡೆಗಳ ಪೈಕಿ ಶೇ 90ರಷ್ಟರಲ್ಲಿ ವೈರಸ್ ಡಿಎನ್‌ಎ ಇದೆ ಎಂದು ತೋರಿಸಿತು. ಅಮಿಲಾಯ್ಡ್ ಎಂಬುದು ಸೋಂಕಿನ ಸುತ್ತ ಮಿದುಳು ಕಟ್ಟುವ ಬೇಲಿಯೇ ಇರಬಹುದೆಂಬ ವಾದಕ್ಕೆ ಇದು ಬಲ ಕೊಟ್ಟಿತು. ಹಾಗಿದ್ದರೆ ಹರ್ಪಿಸ್‌ಗೆ ಕೊಡುವ ಹಳೇ ಮಾತ್ರೆಯನ್ನೇ ಇಲ್ಲೂ ಕೊಟ್ಟು ನೋಡಬಾರದೇಕೆ?

ಮಾತ್ರೆಯ ಹೆಸರು ವಾಲಾಸೈಕ್ಲೊವಿರ್. ಅಸೈಕ್ಲೊವಿರ್ ಎಂಬ ಮದ್ದಿಗೆ ವ್ಯಾಲೀನ್ ಎಂಬ ಅಮೈನೊ ಆಮ್ಲದ ಬಾಲ ಅಂಟಿಸಿದ್ದು. ನುಂಗಿದ ಅಸೈಕ್ಲೊವಿರ್‌ನಲ್ಲಿ ರಕ್ತ ಸೇರುವುದು ಶೇ 20ರ ಆಸುಪಾಸು ಅಷ್ಟೆ. ಬಾಲ ಅಂಟಿಸಿದರೆ ಶೇ 54. ರಕ್ತ ಸೇರಿದ ಮೇಲೂ ಅದು ಕೆಲಸ ಶುರುಮಾಡಲು ಮೂರು ಫಾಸ್ಫೇಟ್ ಕೂಡಬೇಕು. ಮೊದಲನೆಯದನ್ನು ಕೂಡಿಸುವುದು ವೈರಸ್ಸಿನದೇ ಕಿಣ್ವ, ಉಳಿದೆರಡನ್ನು ನಮ್ಮ ಜೀವಕೋಶದ ಕಿಣ್ವಗಳು. ಡಿಎನ್‌ಎ ನಕಲು ಮಾಡುವ ಭರದಲ್ಲಿ ವೈರಸ್ ಇದನ್ನು ತನ್ನ ಸರಪಳಿಗೆ ಸೇರಿಸಿಕೊಳ್ಳುತ್ತದೆ. ಮುಂದಿನ ಕೊಂಡಿ ಸಿಕ್ಕಿಸಲು ಬೇಕಾದ ಕೊಕ್ಕೆಯೇ ಇದಕ್ಕಿಲ್ಲ. ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಸೊಗಸಾದ ಮೋಸ. ಆದರೆ ಮಲಗಿದ ವೈರಸ್ ಆ ಮೊದಲ ಕಿಣ್ವವನ್ನು ತಯಾರಿಸುವುದೂ ಇಲ್ಲ, ನಕಲು ಮಾಡುವುದೂ ಇಲ್ಲ.

ಹೆಸರಿನಲ್ಲೇ ಊರನ್ನು ಹೊತ್ತ ಡಾ. ದಾವಣಗೆರೆ ದೇವಾನಂದ್ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ನಡೆಸಿದ ಪ್ರಯೋಗದಲ್ಲಿ 120 ಮಂದಿ ಇದ್ದರು. ಎಲ್ಲರದೂ ಕಾಯಿಲೆಯ ಆರಂಭದ ಹಂತ; ಎಲ್ಲರ ರಕ್ತದಲ್ಲೂ ಹರ್ಪಿಸ್ ಪ್ರತಿಕಾಯ. ಕೆಲವರಿಗೆ ದಿನಕ್ಕೆ 4 ಗ್ರಾಂ ಮದ್ದು, ಉಳಿದವರಿಗೆ ಹುಸಿಮಾತ್ರೆ, 78 ವಾರ. ಹತ್ತು ಪದ ಕೇಳಿಸಿ ಎಷ್ಟು ನೆನಪಿದೆ ಎಂದು ನೋಡುವಂಥ ಪರೀಕ್ಷೆಗಳಲ್ಲಿ ತಪ್ಪಿಗೆ ಅಂಕ. ಅಂಕ ಏರಿದಷ್ಟೂ ಮರೆವು ಹೆಚ್ಚು. 2025ರಲ್ಲಿ ಫಲಿತಾಂಶ ಬಂತು: ಹುಸಿಮಾತ್ರೆಯವರಲ್ಲಿ ಏರಿದ್ದು 6.92, ಮದ್ದಿನವರಲ್ಲಿ 10.86. ಮಿದುಳಿನ ಸ್ಕ್ಯಾನಿನಲ್ಲಿ ಅಮಿಲಾಯ್ಡ್‌ನಲ್ಲೂ ಈ ಕಾಯಿಲೆಯಲ್ಲಿ ಮಿದುಳಲ್ಲಿ ಕೂಡುವ ಇನ್ನೊಂದಾದ ಟಾವ್ ಪ್ರೋಟೀನಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇದರಿಂದ ವೈರಸ್ ನಿರ್ದೋಷಿ ಎಂದಾಗಲಿಲ್ಲ ಎಂಬುದು ನನ್ನ ಎಣಿಕೆ. ಪ್ರತಿಕಾಯ ಹೇಳುವುದು ಹಿಂದೊಮ್ಮೆ ಸೋಂಕು ತಗುಲಿತ್ತು ಎಂದಷ್ಟೆ. ಮಿದುಳಿನಲ್ಲಿ ಈಗ ವೈರಸ್ ಎದ್ದಿದೆಯೇ ಎಂಬುದನ್ನಲ್ಲ. ಮರೆವು ಕಾಣಿಸಿಕೊಳ್ಳುವ ಹೊತ್ತಿಗೆ ಅಮಿಲಾಯ್ಡ್ ಕೂಡತೊಡಗಿ ಹತ್ತಿಪ್ಪತ್ತು ವರ್ಷ ಕಳೆದಿರುತ್ತದೆ. ಕೆಟ್ಟಿದ್ದು ಆಗಿಹೋದ ಮೇಲೆ ಮಾತ್ರೆ ಬಂತೋ ಏನೋ.

ಮನೆಯ ಹಿರಿಯರಿಗೆ ಇದನ್ನು ಕೊಡಿಸಿ ನೋಡೋಣ ಎನ್ನುವವರಿಗೆ ಒಂದು ಮಾತು. ಈ ಮದ್ದು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ನೀರು ಕಡಿಮೆ ಕುಡಿದರೆ ಅಲ್ಲೇ ಹರಳುಗಟ್ಟಬಹುದು. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲೇ ಉಳಿದು ಗೊಂದಲ, ಭ್ರಮೆ ತರಬಹುದು. ನೋಡುವವರಿಗೆ ಮರೆವಿನ ಕಾಯಿಲೆಯೇ ಜಾಸ್ತಿಯಾದಂತೆ ಕಾಣುತ್ತದೆ.